ಮಂಗಳವಾರಕ್ಕೊಂದು ಬಿಂದಿಗೆ

ಪೆಟ್ಟಿಗೆ ಅಂಗೈಯಗಲ. ಕೆಂಪು ತಗಡು, ಎರಡು ತಿರುಗುಣಿ,
ಒಂದು ಬಾಲ.
ಚಿಕ್ಕಬಳ್ಳಾಪುರದ ಅಂಗಡಿಯವನು ಬಿಲ್ಲಿನಲ್ಲಿ
"ಸೌಂಡ್ ಡಬ್ಬ ೧" ಎಂದಷ್ಟೇ ಬರೆದುಕೊಟ್ಟ.
ಶಿಡ್ಲಘಟ್ಟದವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದೆ.

ಪಿಳ್ಳಾಂಜಿನಪ್ಪನವರ ಕಾಲದಿಂದ ಈ ಕೋಣೆಯಲ್ಲಿ
ಕಂಪ್ಯೂಟರಿನ ಬೆನ್ನಿನ ಗುಲಾಬಿ ತೂತಿಗೇ ಮೈಕು.
ತೂತು ಸಡಿಲಾದ ಮೇಲೆ ಬೆಂಕಿಕಡ್ಡಿ ಸಿಕ್ಕಿಸಿ,
ಊರಿಗೆಲ್ಲ ನಾನು ಹೇಳಿದ್ದು ಆ ಕಡ್ಡಿಯ ಆಧಾರದ ಮೇಲೆ:
ಹಸಿ ಕಸ ಬೇರೆ, ಒಣ ಕಸ ಬೇರೆ;
ಗುರುವಾರ ಕಾರ್ಮಿಕ ನಗರಕ್ಕೆ ನೀರಿಲ್ಲ;
ನೀಲಿ ಲಂಗದ ಹುಡುಗಿ, ಎಡಗೆನ್ನೆಯಲ್ಲಿ ಮಚ್ಚೆ,
ಕಂಡವರು ದಯವಿಟ್ಟು.

ಮೊದಲು ಮುಂದಿನ ಕಿಂಡಿಗೆ ಬಾಲ ಸಿಕ್ಕಿಸಿದೆ.
ಹಸಿರು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು,
ಬಸ್ಸಿನ ಮೆಟ್ಟಿಲಲ್ಲಿ ಹತ್ತಲೋ ಬೇಡವೋ ಅನ್ನುವವರ ಹಾಗೆ.
ಮೇಜಿನಡಿ ತೂರಿ, ಬಾಯಲ್ಲಿ ಟಾರ್ಚು ಕಚ್ಚಿ
ಹಿಂದಿನ ಕಿಂಡಿಗೆ ಹಾಕಿದೆ. ಬಿಡದೆ ಉರಿಯಿತು.

ಕಂಪ್ಯೂಟರು ಗುರುತಿಸಿತು. ಗುರುತಿಸಿ ಸುಮ್ಮನಿತ್ತು.
ಶಬ್ದ ಮಾತ್ರ ಹಳೆಯ ತೂತಿಗೇ ಹೋಗುತ್ತಿತ್ತು,
ಮನೆ ಬದಲಾಯಿಸಿ ತಿಂಗಳಾದರೂ
ಹಳೆ ಬಾಗಿಲಿಗೇ ಹಾಲಿನ ಪ್ಯಾಕೆಟ್ಟು ಎಸೆಯುವ ಹುಡುಗನಂತೆ.
ಸೆಟ್ಟಿಂಗಿನೊಳಗೆ ಹೋಗಿ, ಪಟ್ಟಿ ಇಳಿಸಿ,
ಇನ್ನು ಮೇಲೆ ಇದೇ ಎಂದು ಒತ್ತಿ ಹೇಳಬೇಕಾಯಿತು,
ಕೇಳುವುದಕ್ಕೊಮ್ಮೆ, ಆಡುವುದಕ್ಕೊಮ್ಮೆ.

ಆಮೇಲೆ ನನ್ನ ದನಿ ನನಗೇ ತಡವಾಗಿ ಬಂತು.
"ನಗರಸಭೆ" ಅಂದು ಮುಗಿಸಿದರೆ ಕಿವಿಯಲ್ಲಿ ಇನ್ನೂ "ನಗ".
ಬಫರ್ ಇಳಿಸುತ್ತ ಹೋದೆ. ಸಾವಿರದ ಇಪ್ಪತ್ನಾಲ್ಕು,
ಐನೂರು ಚಿಲ್ಲರೆ. ನೂರಿಪ್ಪತ್ತೆಂಟಕ್ಕೆ ಮಾತೆಲ್ಲ
ಒಗ್ಗರಣೆಯ ಸಾಸಿವೆ.
ಇನ್ನೂರೈವತ್ತಾರಕ್ಕೆ ಇಬ್ಬರೂ ಒಪ್ಪಿಕೊಂಡೆವು.

ಎಲ್ಲ ಆಯಿತು. ಗುಂಯ್ ಹೋಗಲಿಲ್ಲ.

ಪಕ್ಕದ ಫಿಲೇಚರಿನ ಮೋಟಾರು ಅಂದುಕೊಂಡೆ.
ಅವರು ನಮಾಜಿಗೆ ನಿಲ್ಲಿಸಿದಾಗಲೂ ಇತ್ತು.
ಫ್ಯಾನು ನಿಲ್ಲಿಸಿದೆ, ಟ್ಯೂಬ್‌ಲೈಟು ಆರಿಸಿದೆ,
ಕತ್ತಲಲ್ಲಿ ಕೂತರೆ ಇನ್ನೂ ದಪ್ಪಗೆ ಕೇಳಿಸಿತು.
ಅಮಾನುಲ್ಲಾ ಬಂದ. ಟೆಸ್ಟರು ಹಚ್ಚಿದ,
ಕೇಸಿನ ತಗಡು ಮುಟ್ಟಿ ಕೈ ಕೊಡವಿದ.
"ಡಬ್ಬದ್ದು ತಪ್ಪಲ್ಲಮ್ಮ, ಭೂಮೀದು" ಅಂದ.
ಅಂದು ಹಿತ್ತಿಲಿಗೆ ನಡೆದ.

ಹಿತ್ತಿಲಲ್ಲಿ ಅರ್ತಿಂಗ್ ಗುಂಡಿ. ಯಾವ ಕಾಲದಲ್ಲೋ
ಉಪ್ಪು ಇದ್ದಿಲು ತುಂಬಿ ಮುಚ್ಚಿದ್ದು,
ಮೇಲೆ ಬಟ್ಟೆ ಒಗೆಯುವ ಕಲ್ಲು.
ಸರಿಸಿದರೆ ಮಣ್ಣು ಬೂದಿಯಾಗಿತ್ತು,
ತಂತಿ ಯಾರನ್ನೂ ಮುಟ್ಟದೆ ನಿಂತಿತ್ತು.
"ಕರೆಂಟಿಗೂ ಇಳಿಯೋಕೆ ಹಸಿ ಬೇಕು."
ಎರಡು ಸೇರು ಕಲ್ಲುಪ್ಪು. ಒಂದು ಬಿಂದಿಗೆ ನೀರು, ಕುಡಿಯಿತು.
ಇನ್ನೊಂದು. ಅದನ್ನೂ.
ಮೂರನೆಯದು ಟ್ಯಾಂಕರ್ ನೀರು, ಲೆಕ್ಕ ಹಾಕಿಕೊಂಡೇ ಹುಯ್ದೆ.

ಒಳಗೆ ಬಂದು ಹೆಡ್‌ಫೋನ್ ಹಾಕಿದೆ.
ಗುಂಯ್ ಇಲ್ಲ.
ಅದರ ಜಾಗದಲ್ಲಿ ಗೋಡೆ ಗಡಿಯಾರ, ನನ್ನ ಮೂಗಿನ ಗಾಳಿ,
ಪಕ್ಕದಲ್ಲಿ ಕುದಿನೀರಿಗೆ ಗೂಡು ಸುರಿಯುವ ಸದ್ದು.
ಹನ್ನೊಂದು ವರ್ಷ ಇದೇ ಕುರ್ಚಿಯಲ್ಲಿ ಕೂತು
ನನಗೆ ಅದರ ವಾಸನೆ ಮಾತ್ರ ಗೊತ್ತಿತ್ತು.

ಹಳೆಯದೊಂದು ಫೈಲು ತೆರೆದೆ, ಯಾಕೋ.
ನೀಲಿ ಲಂಗ, ಎಡಗೆನ್ನೆ.
ಹುಡುಗಿ ಅವತ್ತು ಸಂಜೆಗೇ ಸಿಕ್ಕಿದ್ದಳು,
ಗೂಡಿನ ಮಾರುಕಟ್ಟೆಯ ಖಾಲಿ ಜಾಲರಿಗಳ ಹಿಂದೆ ನಿದ್ದೆಹೋಗಿ.
ಫೈಲಿನಲ್ಲಿ ಇನ್ನೂ ಸಿಕ್ಕಿಲ್ಲ.
"ದಯವಿಟ್ಟು" ಆದಮೇಲೆ ಅರೆಗಳಿಗೆ
ಆ ಗುಂಯ್ ಅಡಿಯಲ್ಲಿ ಯಾರೋ ಏನೋ ಅಂದಂತೆ.
ತಾಯಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳಲ್ಲ.
ಏಳು ಸಲ ಕೇಳಿದೆ. ಹೆಸರೋ, ಬರೀ ಉಸಿರೋ.
ಅವತ್ತಿನ ಮಣ್ಣಿಗೆ ಇವತ್ತು ನೀರು ಹುಯ್ಯಲು ಬರುವುದಿಲ್ಲ.

ಈಗ ಮಂಗಳವಾರಕ್ಕೊಂದು ಬಿಂದಿಗೆ.
ಮೊನ್ನೆ ಗೋಡೆಯಾಚೆಯಿಂದ ಶಂಶಾದ್‌ಬೀ ಇಣುಕಿದರು:
"ಏನು ಗಿಡ ಹಾಕಿದೀಯಮ್ಮ ಅಲ್ಲಿ?"
ಕಂಕುಳಲ್ಲಿ ನಾಳೆಯ ಚೀಟಿ, ಹಸಿ ಕಸ, ಒಣ ಕಸ.
"ಇನ್ನೂ ಏನೂ ಹುಟ್ಟಿಲ್ಲ" ಅಂದೆ.